ತೊಪ್ಪೂರಿನ ಘಾಟಿಯೂ ಯೆರಿಕೋವಿನ ದಾರಿಯೂ

ಬೆಂಗಳೂರಿನಿಂದ ಸೇಲಂ ಕಡೆಗೆ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯು ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳನ್ನು ದಾಟಿದ ಮೇಲೆ ಬೆಟ್ಟಗಳ ನಡುವೆ ಹೊಕ್ಕು ಕೆಳಗಿಳಿಯುತ್ತದೆ. ಧರ್ಮಪುರಿ ಮತ್ತು ಸೇಲಂ ಜಿಲ್ಲೆಗಳ ಅಂಚಿನಲ್ಲಿರುವ ಈ ಇಳಿಜಾರೇ ತೊಪ್ಪೂರು ಘಾಟಿ. ಇಕ್ಕೆಲಗಳಲ್ಲಿ ಕುರುಚಲು ಕಾಡಿನ ಗುಡ್ಡಗಳು. ಇಲ್ಲಿ ಹರಿಯುವ ತೊಪ್ಪೂರು ಹೊಳೆಯು ಮೆಟ್ಟೂರು ಜಲಾಶಯದಲ್ಲಿ ಕಾವೇರಿಯನ್ನು ಸೇರುತ್ತದೆ. ಮೆಟ್ಟೂರು, ಭವಾನಿ, ಈರೋಡುಗಳಿಗೆ ಹೋಗುವ ರಸ್ತೆಯೂ ಇಲ್ಲಿಂದಲೇ ಕವಲೊಡೆಯುತ್ತದೆ.

ಕನ್ನಡಿಗರಿಗೆ ಇದು ಅಪರಿಚಿತ ನೆಲವಲ್ಲ. ಧರ್ಮಪುರಿಯಲ್ಲಿ ನೊಳಂಬ ಅರಸರ ಕಾಲದ ಕನ್ನಡ ಶಾಸನಗಳು ದೊರೆತಿವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಬಾರಾಮಹಲ್ ಎನಿಸಿಕೊಂಡಿದ್ದ ಈ ಸೀಮೆಯು ಮೈಸೂರಿಗೆ ಸೇರಿತ್ತು. ಅದಕ್ಕೆ ಎರಡು ವರ್ಷ ಮೊದಲು ಟಿಪ್ಪುವಿನ ಸೈನ್ಯವೂ ಅದನ್ನು ಬೆನ್ನಟ್ಟಿದ ಜನರಲ್ ಮೆಡೋಸನ ಸೈನ್ಯವೂ ಈ ಕಣಿವೆಯಲ್ಲಿಯೇ ಹಾದುಹೋದವು. ಇಂದು ಹೊಸೂರು ಕಡೆಯ ಕನ್ನಡ ಕುಟುಂಬಗಳು ಮದುವೆಗೆಂದು, ವ್ಯಾಪಾರಕ್ಕೆಂದು, ಆಸ್ಪತ್ರೆಗೆಂದು ಇದೇ ದಾರಿಯಲ್ಲಿ ಸೇಲಂಗೆ ಇಳಿಯುತ್ತವೆ.

ಇಳಿಯುವಾಗ ಹಿರಿಯರು ಮಾತು ನಿಲ್ಲಿಸುವುದುಂಟು. ಡೀಸೆಲ್ ಉಳಿಸುವ ಆಸೆಯಿಂದ ಕೆಲವು ಲಾರಿ ಚಾಲಕರು ಇಲ್ಲಿ ಗೇರನ್ನು ನ್ಯೂಟ್ರಲ್‌ಗೆ ತರುತ್ತಾರೆ. ಆಗ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರವು ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಸೋತರೆ ಮುಂದಿರುವ ಬಸ್ಸು, ಕಾರುಗಳ ಗತಿಯನ್ನು ಯಾರೂ ಹೇಳಲಾರರು. 2020ರ ಡಿಸೆಂಬರ್ 12ರಂದು ಲಾರಿಯೊಂದು ಹೀಗೆ ಹತ್ತಕ್ಕೂ ಹೆಚ್ಚು ವಾಹನಗಳ ಮೇಲೆ ನುಗ್ಗಿ ನಾಲ್ವರು ಮಡಿದರು. 2024ರ ಜನವರಿ 24ರಂದು ಮತ್ತೆ ನಾಲ್ವರು.

ಇಂತಹ ಗಳಿಗೆಯಲ್ಲಿ ಪೊಲೀಸರಾಗಲಿ ಆಂಬುಲೆನ್ಸಾಗಲಿ ಬರುವುದಕ್ಕೆ ಮೊದಲು ಗಾಯಾಳುವಿನ ಬಳಿ ನಿಲ್ಲುವವರು ದಾರಿಹೋಕರು. ಹಿಂದೆ ಬರುತ್ತಿದ್ದ ಲಾರಿಯ ಕ್ಲೀನರ್, ಬೈಕಿನ ಯುವಕ, ಚಹಾ ಅಂಗಡಿಯಿಂದ ನೀರು ಹಿಡಿದು ಓಡಿಬಂದವನು. ಗಾಯಗೊಂಡವನು ಕನ್ನಡದಲ್ಲಿ ನರಳಿದರೆ ಅವರು ತಮಿಳಿನಲ್ಲಿ ಧೈರ್ಯ ಹೇಳುತ್ತಾರೆ. ಕಾವೇರಿಯ ವಿಚಾರವಾಗಿ ಎರಡು ಭಾಷೆಯವರ ನಡುವೆ ಎಷ್ಟು ಬಿಸಿ ಮಾತು ನಡೆದಿರಲಿ, ಆ ಗಳಿಗೆಯಲ್ಲಿ ಅದನ್ನು ನೆನೆಯುವವರಿಲ್ಲ.

ಇಂತಹದೇ ಒಂದು ಇಳಿಜಾರಿನ ಕಥೆಯು ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದ ಯೆರೂಸಲೇಮಿನಿಂದ, ಸಮುದ್ರಮಟ್ಟಕ್ಕಿಂತಲೂ ತಗ್ಗಿನಲ್ಲಿರುವ ಯೆರಿಕೋವಿಗೆ ದಾರಿ ಇಳಿಯುತ್ತದೆ. ಆ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನು ನೋಡಿ ದಾಟಿದನು, ಲೇವಿಯನೂ ದಾಟಿದನು. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನೊಬ್ಬನು ಮಾತ್ರ ನಿಂತು, ಗಾಯ ಕಟ್ಟಿ, ತನ್ನ ವಾಹನಪಶುವಿನ ಮೇಲೆ ಕುಳ್ಳಿರಿಸಿ, ಛತ್ರಕ್ಕೆ ಸೇರಿಸಿದನು. ಯೇಸುಸ್ವಾಮಿ ಈ ಕಥೆಯನ್ನು ಹೇಳಿದ್ದು ಧರ್ಮಶಾಸ್ತ್ರ ಬಲ್ಲ ಪಂಡಿತನೊಬ್ಬನ ಪ್ರಶ್ನೆಗೆ ಉತ್ತರವಾಗಿ. ತನ್ನ ನೆರೆಯವನು ಯಾರೆಂದು ಆತನು ಕೇಳಿದ್ದನು. ಕರ್ತವ್ಯದ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂಬ ಲೆಕ್ಕ ಆ ಪ್ರಶ್ನೆಯಲ್ಲಿತ್ತು. ಸ್ವಾಮಿಯು ಅದನ್ನು ತಿರುಗಿಸಿ, ಬಿದ್ದವನಿಗೆ ನೆರೆಯವನಾದವನು ಯಾರೆಂದು ಕೇಳಿದರು.

ಭಾರತದ ಕಾನೂನು ಈ ಕಥೆಯ ಹೆಸರನ್ನೇ ಎರವಲು ಪಡೆದಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ 134ಎ ಕಲಮು 'ಗುಡ್ ಸಮಾರಿಟನ್' ಅಂದರೆ ಒಳ್ಳೆಯ ಸಮಾರ್ಯದವನ ರಕ್ಷಣೆಗಾಗಿಯೇ ಇದೆ. ಸದ್ಭಾವದಿಂದ ನೆರವಾದವನ ಮೇಲೆ, ಗಾಯಾಳು ಮುಂದೆ ತೀರಿಕೊಂಡರೂ, ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬಾರದು. 2020ರ ನಿಯಮಗಳ ಪ್ರಕಾರ ಹೆಸರು, ವಿಳಾಸ ಕೊಡಬೇಕೆಂದು ಪೊಲೀಸರು ಅವನನ್ನು ಬಲವಂತಪಡಿಸುವಂತಿಲ್ಲ. ಸಾಕ್ಷಿಯಾಗುವುದು ಅವನ ಇಚ್ಛೆಗೆ ಬಿಟ್ಟದ್ದು. ಗಾಯಾಳುವಿಗೆ ಮೊದಲು ಚಿಕಿತ್ಸೆ, ಆಮೇಲೆ ಉಳಿದ ವಿಧಿಗಳು ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ತಮಿಳುನಾಡಿನಲ್ಲಿ 2021ರ ಡಿಸೆಂಬರಿನಿಂದ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳ ತುರ್ತು ಚಿಕಿತ್ಸೆಯನ್ನು ಸರ್ಕಾರದ ವೆಚ್ಚದಲ್ಲಿ ಕೊಡುವ ಯೋಜನೆಯಿದೆ. ಅವನು ಯಾವ ರಾಜ್ಯದವನೆಂಬ ಭೇದ ಅದರಲ್ಲಿಲ್ಲ.

ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಪಘಾತದಲ್ಲಿ ಭಾಗಿಯಾದ ವಾಹನದ ಚಾಲಕನು ಗಾಯಾಳುವಿಗೆ ಚಿಕಿತ್ಸೆ ಕೊಡಿಸಲೇಬೇಕೆಂದು 134ನೆಯ ಕಲಮು ಆಜ್ಞಾಪಿಸುತ್ತದೆ. 134ಎ ದಾರಿಹೋಕನಿಗೆ ಅಂತಹ ಆಜ್ಞೆಯನ್ನೇನೂ ಕೊಡುವುದಿಲ್ಲ. ಠಾಣೆ, ಕೋರ್ಟುಗಳ ಭಯವನ್ನು ತೆಗೆದು ದಾರಿ ಬಿಡುತ್ತದೆ, ಅಷ್ಟೆ. ನಿಲ್ಲುವವನು ತನ್ನ ಮನಸ್ಸಿನಿಂದಲೇ ನಿಲ್ಲಬೇಕು.

ಸಮಾರ್ಯದವನ ಉಪಕಾರವು ಆ ಒಂದು ದಿನಕ್ಕೆ ಮುಗಿಯಲಿಲ್ಲವೆಂಬುದನ್ನು ಓದುವವರು ಅನೇಕ ಸಲ ಮರೆಯುತ್ತಾರೆ. ಮರುದಿನ ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂತಿರುಗುವಾಗ ತೀರಿಸುವುದಾಗಿ ಮಾತು ಕೊಟ್ಟನು. ಛತ್ರದವನು ಆ ಅನ್ಯನ ಮಾತನ್ನು ನಂಬಿ ರೋಗಿಯನ್ನು ಇರಿಸಿಕೊಳ್ಳಬೇಕಾಗಿತ್ತು. ಮೊದಲನೆಯದು ದಯೆ, ಎರಡನೆಯದು ನಂಬಿಗಸ್ತಿಕೆ. ಗಾಯ ಮಾಯಲು ಎರಡೂ ಬೇಕು. ಆಸ್ಪತ್ರೆಯಲ್ಲಿ ಪರಭಾಷೆಯ ಗಾಯಾಳುವಿನ ಮನೆಗೆ ಫೋನು ಮಾಡಿ, ಮನೆಯವರು ಬರುವವರೆಗೆ ಬೆಂಚಿನ ಮೇಲೆ ಕಾದು ಕುಳಿತವನೂ ಈ ಎರಡನೆಯ ಕೆಲಸವನ್ನೇ ಮಾಡುತ್ತಾನೆ.

ಕ್ರೈಸ್ತರು ಆದರಣೆ ಎಂದು ಕರೆಯುವುದು ಇಂತಹ ಮನುಷ್ಯರ ಕೈಯಿಂದಲೇ ಬರುವುದುಂಟು. ಅಪೊಸ್ತಲರ ಕೃತ್ಯಗಳ ಕೊನೆಯ ಅಧ್ಯಾಯದಲ್ಲಿ ಪೌಲನು ಕೈದಿಯಾಗಿ ರೋಮಿಗೆ ನಡೆಯುತ್ತಾನೆ. ಸಮುದ್ರದಲ್ಲಿ ಹಡಗು ಒಡೆದುಹೋಗಿದೆ, ಮುಂದೆ ಚಕ್ರವರ್ತಿಯ ನ್ಯಾಯಾಸನವಿದೆ. ಕೆಲವು ವರ್ಷಗಳ ಹಿಂದೆ ಅವನು ರೋಮಿನ ವಿಶ್ವಾಸಿಗಳಿಗೆ ಪತ್ರ ಬರೆದಿದ್ದನು. ಅವನ ಸುದ್ದಿ ಕೇಳಿದ ಅವರು ಪಟ್ಟಣದಲ್ಲಿ ಕಾಯದೆ, ಅಪ್ಪಿಯಪೇಟೆಯವರೆಗೂ ಮೂರು ಛತ್ರಗಳೆಂಬ ತಂಗುದಾಣದವರೆಗೂ ಹತ್ತಾರು ಮೈಲಿ ನಡೆದು ಎದುರುಗೊಂಡರು. ಅವರನ್ನು ಕಂಡು ಪೌಲನು ದೇವರಿಗೆ ಸ್ತೋತ್ರ ಸಲ್ಲಿಸಿ ಧೈರ್ಯ ತಂದುಕೊಂಡನೆಂದು ಲೂಕನು ಬರೆಯುತ್ತಾನೆ. ಇತರರಿಗೆ ಅಷ್ಟು ಧೈರ್ಯ ಹೇಳಿದವನಿಗೂ ದಾರಿಯಲ್ಲಿ ಕೆಲವು ಮುಖಗಳು ಬೇಕಾದವು. ಅವರು ಸರಪಣಿಯನ್ನು ಬಿಚ್ಚಲಿಲ್ಲ, ತೀರ್ಪನ್ನು ಬದಲಿಸಲಿಲ್ಲ. ಅವನ ಜೊತೆಯಲ್ಲಿ ನಡೆದರು.

ರಜೆಯಲ್ಲಿ ತೊಪ್ಪೂರನ್ನು ಇಳಿಯುವಾಗ ತಂದೆತಾಯಂದಿರು ಮಕ್ಕಳಿಗೆ ಬೆಟ್ಟವನ್ನೂ ಹೊಳೆಯನ್ನೂ ತೋರಿಸುವುದು ಸಹಜ. ಅದರೊಡನೆ 108 ಎಂಬ ಸಂಖ್ಯೆಯನ್ನೂ, ನೆರವಾದವನನ್ನು ಕಾನೂನು ಪೀಡಿಸುವುದಿಲ್ಲವೆಂಬುದನ್ನೂ, ಯೆರಿಕೋವಿನ ದಾರಿಯ ಕಥೆಯನ್ನೂ ಹೇಳಿಕೊಡಬಹುದು. ಘಾಟಿ ಮುಗಿದ ಮೇಲೆ ಚಹಾ ಅಂಗಡಿಯ ಮುಂದೆ ವಾಹನ ನಿಲ್ಲಿಸಿದಾಗ, ಅಲ್ಲಿ ಲೋಟ ತೊಳೆಯುತ್ತಿರುವವನು ಎಂದಾದರೊಮ್ಮೆ ಯಾರದೋ ರಕ್ತವನ್ನು ತನ್ನ ಟವಲಿನಿಂದ ಒತ್ತಿಹಿಡಿದವನಿರಬಹುದು. ಅವನೊಡನೆ ಎರಡು ಮಾತಾಡಿ ಮುಂದೆ ಸಾಗಿದರೆ ಮಕ್ಕಳಿಗೆ ಆ ಊರು ನೆನಪಿನಲ್ಲಿ ಉಳಿಯುತ್ತದೆ.