ಭಾವನ ಕಾರು, ಅಳಿಯನ ಟರ್ಬೊ ಮತ್ತು ನನ್ನ ಭೌತಶಾಸ್ತ್ರ

ಕಳೆದ ತಿಂಗಳು ಉಡುಪಿಯಲ್ಲಿ ಒಂದು ಮದುವೆಯ ಸಮಾರಂಭದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗನನ್ನು ಪರಿಚಯಿಸಿದ. ಹುಡುಗ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನಂತೆ. ಕುಶಲ ವಿಚಾರಣೆ ಮುಗಿಯುತ್ತಿದ್ದಂತೆ ಆತ, "ಸರ್, ಅಪ್ಪನ ಹಳೆಯ ಕಾರಿಗೆ ಟರ್ಬೊ ಹಾಕಿಸಬೇಕೆಂದಿದ್ದೇನೆ. ಅಪ್ಪ ಒಪ್ಪುವುದಿಲ್ಲ. ನೀವು ವಿಜ್ಞಾನದ ಮಾಷ್ಟ್ರಲ್ಲವಾ, ಸ್ವಲ್ಪ ಹೇಳಿ" ಎಂದ. ನಾನು ನಕ್ಕು ಊಟದ ಪಂಕ್ತಿಯ ಕಡೆಗೆ ನಡೆದುಬಿಟ್ಟೆ. ಆದರೆ ಎಲೆಯ ಮುಂದೆ ಕುಳಿತ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದೇ ಪ್ರಶ್ನೆಗೆ ಹಿಂದೊಮ್ಮೆ ನಾನು ಉತ್ತರ ಕೊಟ್ಟಿದ್ದೆ. ಆ ಉತ್ತರದ ಕಥೆಯನ್ನು ಇಂದು ಹೇಳಿಬಿಡುತ್ತೇನೆ.

ಕಾಪುವಿನಲ್ಲಿರುವ ನನ್ನ ತಂಗಿಯ ಮನೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಭಾವ 2000ನೇ ಇಸವಿಯಲ್ಲಿ ಒಂದು ಮಾರುತಿ ಎಸ್ಟೀಮ್ ಕೊಂಡಿದ್ದರು. 1298 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. 2005ರಲ್ಲಿ ಭಾವ ತೀರಿಕೊಂಡರು. ಆ ಬಳಿಕ ಕಾರು ಅಂಗಳದ ಮಾಡಿನ ಕೆಳಗೆ ನಿಂತಿತು. ಸಮುದ್ರದ ಉಪ್ಪುಗಾಳಿಗೆ ಬಾಗಿಲ ಅಂಚುಗಳು ತುಕ್ಕು ಹಿಡಿದವು. ತಂಗಿ ಮಾತ್ರ ಅದನ್ನು ಮಾರಲು ಒಪ್ಪಲಿಲ್ಲ. ವಾರಕ್ಕೊಮ್ಮೆ ತಾನೇ ಬಟ್ಟೆಯಿಂದ ಒರೆಸುತ್ತಿದ್ದಳು.

ಅವಳ ಮಗ ಎಂಟರಿಂದ ಹತ್ತನೆಯ ತರಗತಿಯವರೆಗೆ ಕಾರ್ಕಳದ ನಮ್ಮ ಮನೆಯಲ್ಲೇ ಇದ್ದು ನನ್ನ ಶಾಲೆಯಲ್ಲೇ ಓದಿದವನು. ಹೀಗಾಗಿ ಅಳಿಯನೂ ಹೌದು, ಶಿಷ್ಯನೂ ಹೌದು. 2009ರಲ್ಲಿ ಅವನು ಮಣಿಪಾಲದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದ. ಒಂದು ಸಂಜೆ ಕಾರ್ಕಳಕ್ಕೆ ಬಂದವನು ಚೀಲದಿಂದ ಬಸವನಹುಳುವಿನ ಚಿಪ್ಪಿನಾಕಾರದ ಒಂದು ಲೋಹದ ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟ. ಯಾವುದೋ ಡೀಸೆಲ್ ಕಾರಿನಿಂದ ಕಳಚಿದ ಹಳೆಯ ಟರ್ಬೊ ಅದು.

"ಮಾವ, ಹೊಗೆಯ ಜೊತೆಗೆ ಹೊರಗೆ ಹೋಗುವ ಶಕ್ತಿಯೆಲ್ಲ ವ್ಯರ್ಥ. ಆ ಹೊಗೆಯಿಂದ ಒಂದು ಚಕ್ರ ತಿರುಗಿಸುವುದು. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಅಷ್ಟೇ."

ನನಗೆ ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ? ನಾನು ಕಲಿಸಿದ ಬಾಯ್ಲನ ನಿಯಮ, ಚಾರ್ಲ್ಸನ ನಿಯಮಗಳು ಹುಡುಗನ ಕೈಯಲ್ಲಿ ಯಂತ್ರವಾಗಿ ಕುಳಿತಿದ್ದವು. ಸ್ವಿಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು 1905ರಲ್ಲಿಯೇ ಈ ಕಲ್ಪನೆಗೆ ಪೇಟೆಂಟ್ ಪಡೆದಿದ್ದ. 1918ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಶಿಖರದಲ್ಲಿ, 14,000 ಅಡಿಗಳ ತೆಳುಗಾಳಿಯಲ್ಲಿ ಸ್ಯಾನ್‌ಫರ್ಡ್ ಮಾಸ್ ವಿಮಾನದ ಎಂಜಿನ್ನೊಂದಕ್ಕೆ ಇದನ್ನು ಜೋಡಿಸಿ ಕಳೆದ ಶಕ್ತಿಯನ್ನು ಮರಳಿ ತಂದಿದ್ದ. ಇವೆಲ್ಲವನ್ನೂ ನಾವಿಬ್ಬರೂ ಆ ರಾತ್ರಿ ಓದಿದೆವು. ಹಳೆಯ ನೋಟುಪುಸ್ತಕದಲ್ಲಿ ನಾನೇ ಲೆಕ್ಕ ಹಾಕಿದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. 30 ಡಿಗ್ರಿಯ ಗಾಳಿಗೆ 0.3 ಬಾರ್ ಹೆಚ್ಚಿನ ಒತ್ತಡ ಕೊಟ್ಟರೆ, ಯಾವ ನಷ್ಟವೂ ಇಲ್ಲದ ಆದರ್ಶ ಲೆಕ್ಕದಲ್ಲೇ, ಉಷ್ಣತೆ 54 ಡಿಗ್ರಿಗೆ ಏರುತ್ತದೆ. 0.7 ಬಾರ್ ಕೊಟ್ಟರೆ 80 ಡಿಗ್ರಿ. ನಿಜವಾದ ಯಂತ್ರದಲ್ಲಿ ನೂರರ ಹತ್ತಿರ. ಆದುದರಿಂದ 0.3ನ್ನು ದಾಟಬಾರದು, ಮೊದಲು ಬ್ರೇಕು ಸರಿಪಡಿಸಬೇಕು ಎಂಬ ಎರಡು ಷರತ್ತು ಹಾಕಿ ಒಪ್ಪಿದೆ. ಖರ್ಚಿಗೆ ಸ್ವಲ್ಪ ಹಣವನ್ನೂ ಕೊಟ್ಟೆ.

"ಅಮ್ಮನಿಗೆ ಈಗಲೇ ಹೇಳುವುದು ಬೇಡ ಮಾವ. ಕೆಲಸ ಮುಗಿದ ಮೇಲೆ ಹೇಳುವ" ಎಂದ. ಅದಕ್ಕೂ ಒಪ್ಪಿದೆ. "ಕಾರು ರಿಪೇರಿಗೆ ಹೋಗಿದೆ" ಎಂದು ತಂಗಿಗೆ ಫೋನಿನಲ್ಲಿ ಹೇಳಿದವನು ನಾನೇ.

ಮೂರು ತಿಂಗಳು ಕೆಲಸ ನಡೆಯಿತು. ಹೊಗೆಯ ಕೊಳವೆಗೆ ಹೊಸ ಬೆಸುಗೆ, ಟರ್ಬೊವಿನ ಅಚ್ಚಿಗೆ ಎಂಜಿನ್ ಆಯಿಲ್ಲಿನ ನಳಿಕೆ, ಇಂಧನದ ಪ್ರಮಾಣವನ್ನು ತಿದ್ದುವ ಒಂದು ಪುಟ್ಟ ಪೆಟ್ಟಿಗೆ. ಕಾರಿನ ಮೂಲ ಕಂಪ್ಯೂಟರು ಇಂತಹ ಗಾಳಿಯನ್ನು ಕಂಡದ್ದಲ್ಲ. ಅದಕ್ಕೆ ಹೊಸ ಲೆಕ್ಕವನ್ನು ಹೇಳಿಕೊಡಬೇಕಾಗುತ್ತದೆ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನು ಮಾತ್ರ ಹಣ ಕೂಡಿದ ಮೇಲೆ ಹಾಕುವುದೆಂದು ಬಿಟ್ಟಿದ್ದ.

ಜನವರಿಯ ಒಂದು ಭಾನುವಾರ ಮಣಿಪಾಲದಿಂದ ಕಾರ್ಕಳಕ್ಕೆ ಹೊರಟೆವು. ಪರ್ಕಳ ದಾಟಿ ಹಿರಿಯಡಕದವರೆಗೆ ಕಾರು ಸಾಧುವಾಗಿಯೇ ಇತ್ತು. ಆಮೇಲೆ ಒಂದು ಏರಿನಲ್ಲಿ ಅಳಿಯ ಕಾಲೊತ್ತಿದ. ಸಣ್ಣಗೆ ಒಂದು ಸಿಳ್ಳೆಯ ಸದ್ದು ಕೇಳಿಸಿತು. ಮರುಕ್ಷಣ ಬೆನ್ನು ಸೀಟಿಗೆ ಅಂಟಿಕೊಂಡಿತು. ನನ್ನ ಐವತ್ತರ ವಯಸ್ಸು ಮರೆತುಹೋಯಿತು. "ಇನ್ನೊಮ್ಮೆ" ಎಂದವನು ಅವನಲ್ಲ, ನಾನು.

ಬೈಲೂರಿನ ಸಮೀಪ ಡಬ್ಬಿಯೊಳಗೆ ಕಲ್ಲು ಹಾಕಿ ಕುಲುಕಿದಂತಹ ಸದ್ದು ಬಂತು. ಅವನು ಕಾಲು ತೆಗೆಯುವಷ್ಟರಲ್ಲಿ ಹಿಂದೆ ನೀಲಿ ಹೊಗೆ ಕವಿಯಿತು. ಎಂಜಿನ್ ನಡುಗಿ ನಿಂತುಹೋಯಿತು. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸೊಂದು ದೀರ್ಘವಾಗಿ ಹಾರ್ನ್ ಹಾಕುತ್ತ ನಮ್ಮನ್ನು ಒರಸಿಕೊಂಡೇ ಎಂಬಂತೆ ಮುಂದೆ ಹೋಯಿತು. ಆ ತಿರುವಿನಲ್ಲಿ ಒಂದು ಮಾರು ಆಚೀಚೆ ಆಗಿದ್ದರೆ ಈ ಬರಹವನ್ನು ಬರೆಯಲು ನಾನಿರುತ್ತಿರಲಿಲ್ಲ.

ಗೇರು ಮರದ ನೆರಳಿನಲ್ಲಿ ಕುಳಿತು ಅಳಿಯ ಸತ್ಯ ಹೇಳಿದ. ವೇಸ್ಟ್‌ಗೇಟಿಗೆ, ಅಂದರೆ ಹೆಚ್ಚಾದ ಹೊಗೆಯನ್ನು ಟರ್ಬೊವಿಗೆ ತಾಗದಂತೆ ಹೊರಬಿಡುವ ಕವಾಟಕ್ಕೆ, ಹೋಗುವ ನಳಿಕೆಯಲ್ಲಿ ಒಂದು ತಿರುಪು ಜೋಡಿಸಿ ಒತ್ತಡವನ್ನು 0.7ಕ್ಕೆ ಏರಿಸಿದ್ದ. "ನೀವು ಖುಷಿಪಡಲಿ ಎಂದು ಮಾವ" ಎಂದ. ನನಗೆ ಗದರಲು ಬಾಯಿ ಬರಲಿಲ್ಲ.

ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿದಾಗ ಒಂದು ಪಿಸ್ಟನ್ನಿನ ಅಂಚು ಮೇಣದಂತೆ ಕರಗಿತ್ತು. ಒಂದು ತೂಕ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಒತ್ತಡದಲ್ಲಿ ದುಡಿಯುವ ಎಂಜಿನ್ನಿಗೆ ಇದಕ್ಕಿಂತ ಹೆಚ್ಚು ಪೆಟ್ರೋಲು, ಒಂದಕ್ಕೆ ಹನ್ನೆರಡರ ಆಸುಪಾಸಿನಲ್ಲಿ, ಸಿಗಬೇಕು. ಇಲ್ಲಿ ಗಾಳಿ ಹೆಚ್ಚಾಯಿತು, ಪೆಟ್ರೋಲು ಸಾಲದೆ ಹೋಯಿತು, ಬಿಸಿಯೇರಿತು. ಕಿಡಿ ಹತ್ತಿಸಿದ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯಿತು. ನಾವು ಕೇಳಿದ ಕಲ್ಲಿನ ಸದ್ದು ಅದೇ.

ಇಂತಹ ಪಾಠ ಜಗತ್ತಿಗೆ ಹೊಸದಲ್ಲ. 1962ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ಟರ್ಬೊ ಕಾರುಗಳಲ್ಲೊಂದಾದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ಗೆ ಇದೇ ಸಿಡಿತವನ್ನು ತಡೆಯಲೆಂದು ನೀರು ಮತ್ತು ಮದ್ಯಸಾರ ಬೆರೆಸಿದ ದ್ರವವನ್ನು ತುಂಬಬೇಕಾಗಿತ್ತು. ಮಾಲೀಕರು ತುಂಬಲು ಮರೆತರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಳಚಿ ಹಾಕಲಾಯಿತು. ನಮ್ಮದೂ ಅದೇ ಗತಿಯಾಯಿತು.

ಸಂಜೆ ತಂಗಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಹೇಳಿದ್ದು ಇಷ್ಟೇ: "ಎಂಜಿನ್ ಹೋದರೆ ಹೋಗಲಿ ಅಣ್ಣ. ಅವನು ಚಿಕ್ಕವ, ಹೇಳಲಿಲ್ಲ. ನೀನಾದರೂ ನನಗೊಂದು ಮಾತು ಹೇಳಬಹುದಿತ್ತಲ್ಲ. ಅವರು ಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ಕೇಳಿ ಮಾಡುವುದು ಏನೂ ಉಳಿದಿಲ್ಲವಾ?"

ಮೂವತ್ತು ವರ್ಷಗಳ ವೃತ್ತಿಯಲ್ಲಿ ನಾನು ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದ್ದೇನೆ. ಆ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಎಂಜಿನ್ನನ್ನು ಟರ್ಬೊ ಇಲ್ಲದೆ ಮೊದಲಿನಂತೆ ಕಟ್ಟಿಸಿದೆವು. ತಂಗಿ ಡ್ರೈವಿಂಗ್ ಕಲಿತು ಹಲವು ವರ್ಷ ಅದೇ ಕಾರಿನಲ್ಲಿ ಶಿರ್ವದ ಸಂತೆಗೆ ಹೋಗಿಬಂದಳು. ಅಳಿಯ ಈಗ ಪುಣೆಯಲ್ಲಿ ಎಂಜಿನ್ ಪರೀಕ್ಷೆಯ ಕೆಲಸದಲ್ಲಿದ್ದಾನೆ. ಎಂಜಿನ್ನು ಎಲ್ಲಿ ಒಡೆಯುತ್ತದೆಂದು ಮೊದಲೇ ಕಂಡುಹಿಡಿಯುವುದೇ ಅವನ ಉದ್ಯೋಗ.

ಆ ಮದುವೆಮನೆಯ ಹುಡುಗನಿಗೆ ಈಗ ನನ್ನ ಉತ್ತರ. ಮಗೂ, ಕಾರ್ಖಾನೆಯಲ್ಲೇ ಟರ್ಬೊ ಜೋಡಿಸಿದ ಕಾರುಗಳು ಈಗ ಬೇಕಾದಷ್ಟಿವೆ. 2013ರಲ್ಲಿ ಬಂದ ಪೋಲೊ ಜಿ.ಟಿ.ಯ 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನನ್ನು ನೋಡು. ಅಂತಹ ಎಂಜಿನ್ನಿನ ಪಿಸ್ಟನ್, ತಂಪು, ಇಂಧನ ಎಲ್ಲವನ್ನೂ ಟರ್ಬೊವಿಗೆಂದೇ ಯೋಚಿಸಿ ಮಾಡಿರುತ್ತಾರೆ. ಹಳೆಯ ಕಾರಿಗೆ ಹೊರಗಿನಿಂದ ಸೇರಿಸುವುದು ಬೇರೆ ಮಾತು. ಕಾನೂನನ್ನೂ ಓದು. ಕಾರಿನ ಮೂಲ ವಿವರಗಳು ಬದಲಾಗುವಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಈ ಕಾಯಿದೆಯ ಮಾತನ್ನು ಅಂದು ನಾನು ಯೋಚಿಸಲೂ ಇಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಪ್ರಿಯ ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು ಬಾಕಿಯಿದೆ. "ಒಂದು ಪಾತ್ರೆಯಲ್ಲಿರುವ ಅನಿಲದ ಒತ್ತಡವನ್ನು ಹೆಚ್ಚಿಸಿದಾಗ" ಎಂದು ಶುರುವಾಗುವ ಎಷ್ಟೋ ಲೆಕ್ಕಗಳನ್ನು ನಿಮ್ಮಿಂದ ಮಾಡಿಸಿದ್ದೇನೆ. ಆ ಪಾತ್ರೆ ಎಷ್ಟು ತಡೆದೀತು ಎಂದು ಒಂದು ದಿನವೂ ಕೇಳಲಿಲ್ಲ. ನಮ್ಮ ಪುಸ್ತಕದ ಪಾತ್ರೆಗಳು ಒಡೆಯುತ್ತಿರಲಿಲ್ಲ. ಪಾತ್ರೆ ಯಾರದ್ದು, ಅವರನ್ನು ಕೇಳಿದೆವೇ ಎಂಬುದಂತೂ ಪಾಠದಲ್ಲೇ ಇರಲಿಲ್ಲ. ಅದನ್ನು ನನಗೆ ಕಾಪುವಿನ ಆ ಜಗಲಿಯಲ್ಲಿ ತಂಗಿ ಕಲಿಸಿದಳು. ಹುಡುಗ ಇದನ್ನು ಓದಿದರೆ ಮೊದಲು ಅಪ್ಪನ ಜೊತೆ ಕುಳಿತು ಮಾತಾಡಲಿ.