ಕುಮಾರ ಪರ್ವತದ ಅರುಣೋದಯ

ಘಟ್ಟದ ಕೆಳಗಿನ ಸೀಮೆಯಲ್ಲಿ ಸೂರ್ಯನು ಬೆಟ್ಟದಲ್ಲಿ ಹುಟ್ಟಿ ಕಡಲಿನಲ್ಲಿ ಮುಳುಗುತ್ತಾನೆ. ಮುಳುಗುವ ಸೂರ್ಯನನ್ನು ಕಾಣಲು ಪಣಂಬೂರು, ಮಲ್ಪೆಗಳ ಮರಳಿನ ಮೇಲೆ ಪ್ರತಿ ಸಂಜೆಯೂ ಜನ ಸೇರುತ್ತಾರೆ; ಕಡಲೆಕಾಯಿ ತಿನ್ನುತ್ತ, ಮಕ್ಕಳನ್ನು ಆಡಿಸುತ್ತ, ಕುಳಿತಲ್ಲಿಂದ ಏಳದೆ ನೋಡುತ್ತಾರೆ. ಹುಟ್ಟುವ ಸೂರ್ಯನನ್ನು ಕಾಣಬಯಸುವವನಿಗೆ ಅಂಥ ಸೌಲಭ್ಯವಿಲ್ಲ. ಅವನು ಬೆಂಗಳೂರಿನಿಂದ ರಾತ್ರಿಯ ರೈಲನ್ನು ಹಿಡಿದು, ಬೆಳಗಿನ ಜಾವದ ಕತ್ತಲೆಯಲ್ಲಿ ನೆಟ್ಟಣದಲ್ಲಿ ಇಳಿದು, ಅಲ್ಲಿಂದ ಮುಂದೆ ಕಾಲಿಗೆ ಕೆಲಸ ಕೊಡಬೇಕು.

ನೆಟ್ಟಣವೆಂಬ ಹೆಸರು ನಿಲ್ದಾಣದ ಫಲಕದಲ್ಲಿಲ್ಲ. ಅಲ್ಲಿ ಬರೆದಿರುವುದು ‘ಸುಬ್ರಹ್ಮಣ್ಯ ರೋಡ್’ ಎಂದು. ಕಡಬ ತಾಲೂಕಿನ ಬಿಳಿನೆಲೆಗೆ ಸೇರಿದ ಈ ಪುಟ್ಟ ಊರಿನ ಹೆಸರನ್ನು ಯಾತ್ರಿಕರಲ್ಲಿ ಎಷ್ಟೋ ಮಂದಿ ಕೇಳಿಯೂ ಇರಲಾರರು. ಆದರೆ ಕುಕ್ಕೆಯ ಸುಬ್ರಹ್ಮಣ್ಯನ ದರ್ಶನಕ್ಕೆ ರೈಲಿನಲ್ಲಿ ಹೋಗುವವರೆಲ್ಲರೂ ಮೊದಲು ಕಾಲಿಡುವುದು ಇದರ ನೆಲದ ಮೇಲೆಯೇ. ಸಕಲೇಶಪುರದಿಂದ ಇಲ್ಲಿಯವರೆಗಿನ ಘಟ್ಟದ ದಾರಿ ಸುಮಾರು 55 ಕಿಲೋಮೀಟರು. ಅಷ್ಟರೊಳಗೆ 57 ಸುರಂಗಗಳು, ನೂರಕ್ಕೂ ಮೀರಿದ ಸೇತುವೆಗಳು. ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಯುವ ಇಳಿಜಾರು. 1979ರಲ್ಲಿ ಮೀಟರ್ ಗೇಜಿನ ದಾರಿಯಾಗಿ ತೆರೆದ ಈ ಮಾರ್ಗವನ್ನು ಅಗಲಗೊಳಿಸುವ ಸಲುವಾಗಿ 1996ರಲ್ಲಿ ಮುಚ್ಚಲಾಯಿತು. ಸರಕಿನ ಗಾಡಿ ಮತ್ತೆ ಓಡಿದ್ದು 2006ರಲ್ಲಿ. ಪ್ರಯಾಣಿಕರ ಗಾಡಿ 2007ರ ಕೊನೆಯಲ್ಲಿ. ನಡುವಣ ಹತ್ತು ವರ್ಷಗಳಲ್ಲಿ ಎಡಕುಮೇರಿ, ಶಿರಿಬಾಗಿಲುಗಳ ನಿರ್ಜನ ನಿಲ್ದಾಣಗಳನ್ನು ದಾಟಿ ಹಳಿಯ ಮೇಲೆಯೇ ನಡೆದುಬಂದ ತರುಣರೆಷ್ಟೋ ಮಂದಿ. ಈಗ ಹಾಗೆ ನಡೆಯುವುದು ಅಪಾಯ ಮಾತ್ರವಲ್ಲ, ಶಿಕ್ಷಾರ್ಹ ಅಪರಾಧವೂ ಹೌದು.

ರೈಲು ಹೊರಟುಹೋದ ಮೇಲೆ ನೆಟ್ಟಣದಲ್ಲಿ ಒಂದು ಗಾಢವಾದ ನಿಶ್ಶಬ್ದ ನೆಲೆಸುತ್ತದೆ. ಅಡಕೆಯ ತೋಟಗಳ ಮೇಲೆ ಮಂಜು ಮಲಗಿರುತ್ತದೆ. ಆದರೆ ಊರು ಮಲಗಿರುವುದಿಲ್ಲ. ರಬ್ಬರ್ ಮರಗಳ ಸಾಲಿನಲ್ಲಿ ಹಣೆಗೆ ಕಟ್ಟಿದ ದೀಪವೊಂದು ಮರದಿಂದ ಮರಕ್ಕೆ ಸರಿಯುತ್ತಿರುತ್ತದೆ. ಹೊತ್ತೇರಿದರೆ ಮರದ ಹಾಲು ಚೆನ್ನಾಗಿ ಹರಿಯದಾದ್ದರಿಂದ ತೊಗಟೆಗೆ ಗೀರು ಹಾಕುವ ಕೆಲಸ ನಸುಕಿನಲ್ಲಿಯೇ ಮೊದಲಾಗುತ್ತದೆ. ಪುತ್ತೂರು, ಸುಳ್ಯದ ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಈ ಕೆಲಸಕ್ಕೆ ಬಂದವರಲ್ಲಿ ಅನೇಕರು, 1964ರಲ್ಲಿ ಭಾರತಕ್ಕೂ ಸಿಲೋನಿಗೂ ಆದ ಒಪ್ಪಂದದಂತೆ ಸಮುದ್ರ ದಾಟಿ ಮರಳಿದ ತಮಿಳು ಕುಟುಂಬಗಳವರು. ಸೂರ್ಯೋದಯವನ್ನು ನೋಡಲು ಪ್ರವಾಸಿಗನು ವರುಷಕ್ಕೊಮ್ಮೆ ನಿದ್ದೆಗೆಡುತ್ತಾನೆ. ಇವರ ಮನೆಗಳಲ್ಲಿ ಎರಡು ತಲೆಮಾರು ಅದನ್ನು ದಿನಾಲೂ ನೋಡಿದೆ, ನೋಡಲು ಪುರುಸೊತ್ತಿಲ್ಲದೆ.

ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ದ್ರಾಕ್ಷಿತೋಟಗಳ ನಡುವಣ ಗುಡ್ಡಗಳನ್ನು ನಸುಕಿನಲ್ಲಿ ಏರುವುದು ಪ್ರವಾಸಿಗಳಿಗೆ ಒಂದು ವಿನೋದ. ಅದೂ ಪಡುವಣ ಕರಾವಳಿಯೇ; ಅಲ್ಲಿಯೂ ಕಡಲು ಪಶ್ಚಿಮಕ್ಕೆ, ಉದಯ ಬೆಟ್ಟದ ಕಡೆಗೆ. ನಮ್ಮ ಕರಾವಳಿಯ ಮಧುರಸ ದ್ರಾಕ್ಷಿಯದಲ್ಲ, ತೆಂಗು ಬೈನೆಗಳದು. ಮೂರ್ತೆಯ ಕಸುಬಿನವನು ಬೆಳಗಾಗುವಷ್ಟರಲ್ಲಿ ಮರವೇರಿ ಇಳಿಸಿದ ರಸಕ್ಕೆ ತಂಪಿರುವವರೆಗೆ ಜೇನಿನಂಥ ಸಿಹಿ. ಬಿಸಿಲಿನ ಕಾವು ತಗುಲಿದಂತೆ ಅದು ಹುಳಿಯೇರಿ ಕಳ್ಳಾಗುತ್ತದೆ. ತೆಂಗಿನ ಮಾತಿಗೆ ನೆಟ್ಟಣ ತಕ್ಕ ಸ್ಥಳವೇ. ಇಲ್ಲಿನ ಕಿದುವಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕ್ಷೇತ್ರದಲ್ಲಿ ದಕ್ಷಿಣ ಏಷ್ಯದ ಅಂತಾರಾಷ್ಟ್ರೀಯ ತೆಂಗು ತಳಿ ಸಂಗ್ರಹವಿದೆ. ದೂರದ ದ್ವೀಪಗಳ ತೆಂಗಿನ ತಳಿಗಳು ಈ ಮಲೆಯ ಮಳೆಯಲ್ಲಿ ಬೇರೂರಿ ನಿಂತಿವೆ.

ನೆಟ್ಟಣದಿಂದ ಕುಕ್ಕೆಗೆ ಸುಮಾರು ಹನ್ನೆರಡು ಕಿಲೋಮೀಟರು. ಬಸ್ಸು, ಜೀಪುಗಳುಂಟು. ಮೂಡಣ ದಿಕ್ಕು ಕೆಂಪಾಗಲಿಲ್ಲವೇಕೆಂದು ಮತ್ತೆ ಮತ್ತೆ ಕತ್ತು ಹೊರಳಿಸುವ ಹೊಸಬರನ್ನು ಕಂಡರೆ ಚಾಲಕರಿಗೆ ನಗು. “ಇಲ್ಲಿ ಸೂರ್ಯ ಏಳುವುದು ತಡವಾಗಿಯೇ ಮಾರಾಯ್ರೇ, ಅವನಿಗೂ ಗುಡ್ಡೆ ಹತ್ತಬೇಕಲ್ಲ!” ಎನ್ನುವ ಮಾತು ಹಾಸ್ಯದ್ದಾದರೂ ಸುಳ್ಳಲ್ಲ. ಪಂಚಾಂಗದಲ್ಲಿ ಬರೆದ ಉದಯಕಾಲಕ್ಕೂ ಕುಕ್ಕೆಯ ರಥಬೀದಿಯಲ್ಲಿ ಬಿಸಿಲು ಬೀಳುವ ಹೊತ್ತಿಗೂ ನಡುವೆ ಒಂದು ಪರ್ವತ ಅಡ್ಡ ನಿಂತಿದೆ.

ಅದೇ ಕುಮಾರ ಪರ್ವತ. ಕೊಡಗಿನವರು ಇದನ್ನು ಪುಷ್ಪಗಿರಿಯೆನ್ನುತ್ತಾರೆ. ಎತ್ತರ 1712 ಮೀಟರು. ಅದರ ಮುಂದೆ, ಹೆಡೆಯೆತ್ತಿದ ಸರ್ಪದಂತೆ ನಿಂತಿರುವುದು ಶೇಷ ಪರ್ವತ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿಯು ಅಣ್ಣ ಗಣಪತಿಯೊಡನೆ ಈ ಗಿರಿಗೆ ಬಂದನೆಂದೂ, ಇಂದ್ರನು ತನ್ನ ಮಗಳಾದ ದೇವಸೇನೆಯನ್ನು ಇಲ್ಲಿ ಅವನಿಗೆ ಧಾರೆಯೆರೆದು ಕೊಟ್ಟನೆಂದೂ ಸ್ಥಳಪುರಾಣ ಹೇಳುತ್ತದೆ. ಕುಮಾರಧಾರಾ ನದಿಯ ನಡೆ ಪುರಾಣಕ್ಕಿಂತ ಕಡಿಮೆ ಸೋಜಿಗದ್ದಲ್ಲ. ಅದು ಹುಟ್ಟುವುದು ಬೆಟ್ಟದ ಆಚೆಯ ಸೋಮವಾರಪೇಟೆಯ ಕಡೆ. ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಪರ್ವತವನ್ನು ಬಳಸಿಕೊಂಡು ಕುಕ್ಕೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಬೆಳಕಿನಂತೆ ನದಿಯೂ ಈ ಊರಿಗೆ ಬೆಟ್ಟದ ಬೆನ್ನಿನಿಂದಲೇ ಬರತಕ್ಕದ್ದು.

ಏರುವ ದಾರಿ ಒಂದು ಕಡೆಗೆ ಸುಮಾರು ಹದಿಮೂರು ಕಿಲೋಮೀಟರು. ದೇವರಗದ್ದೆಯನ್ನು ದಾಟುತ್ತಲೇ ಕಾಡು ಮುಚ್ಚಿಕೊಳ್ಳುತ್ತದೆ. ಬೇರುಗಳೇ ಮೆಟ್ಟಿಲು, ಮಳೆಗಾಲದ ತೇವ ಉಳಿದಿದ್ದರೆ ಕಾಲಿಗೆ ಉಂಬಳಗಳ ಕಾಟ. ಇನ್ನೂ ಕಾಣದ ಹಳ್ಳದ ಬದಿಯಿಂದ ಸಿಳ್ಳಾರ ಹಕ್ಕಿಯ ಕೂಗು ಕೇಳಿಬರುತ್ತದೆ. ದಾರಿ ತಪ್ಪಿದ ಹುಡುಗನೊಬ್ಬ ಯಾವುದೋ ರಾಗವನ್ನು ನೆನಪಿಸಿಕೊಳ್ಳುತ್ತ ಸಿಳ್ಳೆ ಹಾಕಿದಂತೆ. ಭೀಮನ ಬಂಡೆಯ ಬಳಿ ಕುಳಿತು ಬೆವರನ್ನು ಒರೆಸಿಕೊಳ್ಳದವರು ವಿರಳ.

ಈ ಏರಿನಲ್ಲಿ ಮರಗಳ ಸಂದಿನಿಂದ ಒಮ್ಮೊಮ್ಮೆ ಪಡುವಣ ದಿಕ್ಕು ತೆರೆದುಕೊಳ್ಳುವುದುಂಟು. ಆಗ ಹಿಂದಿರುಗಿ ನೋಡಿದವನು ಬೆರಗಾಗುತ್ತಾನೆ. ತಾನು ನಿಂತ ದಾರಿ ಇನ್ನೂ ಮಬ್ಬು. ಕೆಳಗಿನ ಕುಕ್ಕೆಯೂ ನೆರಳಿನಲ್ಲಿದೆ. ಆದರೆ ಬಲು ದೂರದ ಬಯಲಿನಲ್ಲಿ, ಕಡಲಿನ ಕಡೆಗೆ, ಹೊಂಬಿಸಿಲು ಹರಡಿದೆ. ಕಾರಣ ಸರಳವಾದುದು. ಸೂರ್ಯನು ಕೆಳಗಿರುವಾಗ ಪರ್ವತದ ನೆರಳು ಹತ್ತಾರು ಮೈಲಿ ಪಶ್ಚಿಮಕ್ಕೆ ಚಾಚಿರುತ್ತದೆ. ಅವನು ಮೇಲೇರಿದಂತೆ ಆ ನೆರಳು ಮೊಟಕಾಗುತ್ತ ಬೆಟ್ಟದ ಬುಡಕ್ಕೆ ಸರಿಯುತ್ತದೆ. ಹೀಗಾಗಿ ಇಲ್ಲಿ ಬಿಸಿಲು ಬಯಲಿನ ಮೇಲೆ ಪಡುವಣದಿಂದ ಮೂಡಣಕ್ಕೆ ನಡೆದುಬರುವಂತೆ ಕಾಣುತ್ತದೆ. ದೂರದ ತೋಟಗಳಿಗೆ ಮೊದಲು ಬೆಳಗು. ಬೆಟ್ಟದ ಮಡಿಲಿನವರಿಗೆ ಕಟ್ಟಕಡೆಗೆ.

ಆರೇಳು ಕಿಲೋಮೀಟರಿನ ಬಳಿಕ ಕಾಡು ತಟ್ಟನೆ ಮುಗಿದು ಗಿರಿಗದ್ದೆಯ ಬಯಲು ಎದುರಾಗುತ್ತದೆ. ಕೆಳಗಿನಿಂದ ಏರಿಬಂದ ಮನುಷ್ಯನೂ ಶೇಷ ಪರ್ವತದ ಏಣಿನಿಂದ ಇಳಿದುಬಂದ ಬಿಸಿಲೂ ಭೇಟಿಯಾಗುವ ಸ್ಥಳವಿದು. ಹತ್ತಿರದಲ್ಲಿಯೇ ‘ಭಟ್ಟರ ಮನೆ’. ದಶಕಗಳ ಕಾಲ, ಹೇಳದೆ ಕೇಳದೆ ಬಂದ ಚಾರಣಿಗರಿಗೂ ಅನ್ನ, ಸಾರು, ಮಜ್ಜಿಗೆಗಳನ್ನು ಬಡಿಸಿದ ಈ ಮನೆ ನಾಡಿನ ಚಾರಣಿಗರಲ್ಲಿ ಮನೆಮಾತು. ಮುಂದೆ ಅರಣ್ಯ ಇಲಾಖೆಯ ಠಾಣೆ, ಹುಲ್ಲಿನ ಏರು, ನಾಲ್ಕು ಕಂಬಗಳ ಕಲ್ಲುಮಂಟಪ, ಶೇಷ ಪರ್ವತ, ಅದರ ಬೆನ್ನಿನ ಶೋಲಾ ಕಾಡು, ಕೊನೆಗೆ ಜಾರುವ ಹಾಸುಬಂಡೆ, ಶಿಖರ.

ಹಿಂದೆ ಶಿಖರದ ಮೇಲೆ ಡೇರೆ ಹಾಕಿ ಇರುಳನ್ನು ಕಳೆದು ಸೂರ್ಯೋದಯವನ್ನು ನೋಡುವ ರೂಢಿಯಿದ್ದಿತು. ಅಲ್ಲಿ ನಿಂತವರಿಗೆ ಮೂಡಣದಲ್ಲಿ ಕೊಡಗಿನ ಬೆಟ್ಟಗಳ ಅಲೆಯ ಮೇಲೆ ಸೂರ್ಯಬಿಂಬ, ಪಡುವಣದಲ್ಲಿ ಮಂಜಿನ ಮೇಲೆ ಮುಕ್ಕೋನವಾಗಿ ಬಿದ್ದ ಪರ್ವತದ ನೆರಳು, ಎರಡೂ ಏಕಕಾಲಕ್ಕೆ ದೃಗ್ಗೋಚರವಾಗುತ್ತಿದ್ದವು. ಆ ನೋಟದ ಕೀರ್ತಿಯೇ ಬೆಟ್ಟಕ್ಕೆ ಮುಳುವಾಯಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಮ್ಮೆಗೇ ಏರಿದರು. ಜಾತ್ರೆಯ ಸಾಲಿನಂತೆ ಜನ ನಿಂತಿದ್ದ ಚಿತ್ರಗಳನ್ನು ನಾಡೆಲ್ಲ ನೋಡಿತು. ಬೆಟ್ಟವೆಂದರೆ ಬಂಡೆಯಷ್ಟೇ ಅಲ್ಲ. ಪುಷ್ಪಗಿರಿ ವನ್ಯಜೀವಿಧಾಮವಾದುದು 1987ರಲ್ಲಿ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅದರೊಳಗಿದ್ದಿತು. ಕಣಿವೆಯ ಶೋಲಾ ಕಾಡು ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯವರೆಗೆ ಹನಿಹನಿಯಾಗಿ ಹಳ್ಳಕ್ಕೆ ಬಿಡುತ್ತದೆ. ಸಾವಿರ ಕಾಲುಗಳು ತುಳಿದು ಬರಿದುಮಾಡಿದ ಹುಲ್ಲಿನ ಇಳಿಜಾರಿನಲ್ಲಿ ಮಳೆ ನಿಲ್ಲುವುದಿಲ್ಲ, ಮಣ್ಣನ್ನು ಕೊಚ್ಚಿಕೊಂಡು ಇಳಿಯುತ್ತದೆ. ಇಂದಿನ ತಪ್ಪು ಕೆಳಗಿನ ತೋಟದವನ ಬಾವಿಯಲ್ಲಿ ನಾಳೆ ತೋರತಕ್ಕದ್ದು.

ಆ ರಜೆಯ ಬೆನ್ನಿಗೇ ಸರಕಾರ ಚಾರಣವನ್ನು ತಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೆ ತೆರೆದಾಗ ಜನರ ಸಂಖ್ಯೆಗೆ ಮಿತಿ ಬಂದಿತು. ಈಗ ಮುಂಚಿತವಾಗಿ ಆನ್‌ಲೈನಿನಲ್ಲಿ ಹಣ ಕಟ್ಟಿ ಅನುಮತಿ ಪಡೆಯಬೇಕು. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಶಿಖರದಲ್ಲಿ ಡೇರೆಗೆ ಅವಕಾಶವಿಲ್ಲ. ಅಂದರೆ, ಯಾವ ಸೂರ್ಯೋದಯದ ಕೀರ್ತಿಯನ್ನು ಕೇಳಿ ಜನ ಬರುತ್ತಿದ್ದರೋ ಆ ಸೂರ್ಯೋದಯ ಈ ದಾರಿಯಿಂದ ಬಂದವರಿಗೆ ಇಂದು ದಕ್ಕುವುದಿಲ್ಲ. ಇದಕ್ಕಾಗಿ ಕೊರಗುವವರುಂಟು, ಹತ್ತಾರು ಸಲ ಏರಿದ ಹಳಬರ ಕೊರಗು ನ್ಯಾಯವಾದುದೂ ಹೌದು. ಒಬ್ಬನೇ ಬಂದು ಕಸವೊಂದನ್ನೂ ಬಿಡದೆ ಇಳಿದವನೂ, ಗುಂಪಿನಲ್ಲಿ ಬಂದು ಬಾಟಲಿ ಎಸೆದವನೂ ಒಂದೇ ನಿಯಮಕ್ಕೆ ಒಳಗಾಗಬೇಕಾಯಿತು. ಆದರೂ ಬೆಟ್ಟಕ್ಕೆ ಇರುಳಿನಲ್ಲಿ ವಿಶ್ರಾಂತಿ ದೊರೆತಿದೆಯೆಂಬುದನ್ನು ಅವರೂ ಅಲ್ಲಗಳೆಯಲಾರರು.

ಆದುದರಿಂದ ಈ ಸೀಮೆಯ ಅರುಣೋದಯವನ್ನು ಸವಿಯಬಯಸುವವರು ಶಿಖರದ ಹಂಬಲವನ್ನು ಬಿಟ್ಟು, ಕೆಳಗಿನಿಂದಲೇ ನೋಡುವುದನ್ನು ಕಲಿಯಬೇಕು. ನೆಟ್ಟಣದ ನಿಲ್ದಾಣದಿಂದ ಹೊರಬಂದು, ಚಹದ ಲೋಟವನ್ನು ಕೈಯಲ್ಲಿ ಹಿಡಿದು, ಮೂಡಣಕ್ಕೆ ಬೆನ್ನು ಮಾಡಿ ನಿಂತರೂ ಸಾಕು. ಮೊದಲು ಪಡುವಣದ ಮುಗಿಲು ಕೆಂಪಾಗುತ್ತದೆ. ಬಳಿಕ ತೆಂಗುಗಳ ಮುಡಿ, ಅಡಕೆಯ ಗೊನೆಗಳು, ಕಟ್ಟಕಡೆಗೆ ಅಂಗಳದ ಮಣ್ಣು. ಅಷ್ಟು ಹೊತ್ತಿಗೆ ರಬ್ಬರ್ ತೋಟದ ಸಾಲಿನಲ್ಲಿ ಸರಿಯುತ್ತಿದ್ದ ದೀಪ ನಂದಿರುತ್ತದೆ. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸು ಬಕೆಟ್ಟನ್ನು ಎತ್ತಿಕೊಂಡು, ತಾನು ಕೊರೆದ ಮೊದಲನೆಯ ಮರದ ಬಳಿಗೆ, ಚಿಪ್ಪಿನಲ್ಲಿ ತುಂಬಿದ ಹಾಲನ್ನು ಸುರಿದುಕೊಳ್ಳಲು ಹಿಂದಿರುಗುತ್ತಿರುತ್ತಾಳೆ.