ಟ್ಯಾಂಕ್ ತುಂಬಿತ್ತು, ನಲ್ಲಿ ತೊಟ್ಟಿಕ್ಕುತ್ತಿತ್ತು

ನೀರಿಲ್ಲದ ಕಷ್ಟ ಕೋಲಾರದವರಾದ ನಮಗೆ ಹೊಸದಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳನ್ನು ನಂಬಿ ಬದುಕಿದವರು. ಆದರೆ ತಲೆಯ ಮೇಲೆ ತುಂಬಿದ ಟ್ಯಾಂಕ್ ಇದ್ದೂ ಬಚ್ಚಲಲ್ಲಿ ಬಕೆಟ್ ತುಂಬುವುದನ್ನೇ ಕಾಯುತ್ತ ನಿಲ್ಲುವ ಸಂಕಟ ಬೇರೆಯದು.

ನಾವಿರುವುದು ಮಹಡಿಯಲ್ಲಿ, ಕೆಳಗಡೆ ಮೈದುನನ ಸಂಸಾರ. ಮೇಲಿನ ನಲ್ಲಿಗಳಲ್ಲಿ ನೀರು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತ ಬಂದಿತ್ತು. ಹೇಗೋ ನಡೆಯುತ್ತಿತ್ತು. ಅತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನಡೆಯದಾಯಿತು. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ನೀರಿಗೆ ಹೊತ್ತುಗೊತ್ತಿಲ್ಲ. ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು, ಪ್ಯಾನ್ ತೊಳೆಯಬೇಕು. ನಡುರಾತ್ರಿ ಕೈ ತೊಳೆಯಲು ಹೋದರೆ ನಲ್ಲಿಯಲ್ಲಿ ದಾರದಷ್ಟು ನೀರು. ಗೀಸರ್ ಕಡೆಯ ನಲ್ಲಿಯಲ್ಲಿ ಅದೂ ಇಲ್ಲ. ಕೆಳಗಿನಿಂದ ಬಕೆಟ್ ಹೊತ್ತು ಮೆಟ್ಟಿಲೇರಿ ಮಗಳಿಗೆ ಭುಜ ನೋವು ಬಂತು.

ಇದನ್ನೆಲ್ಲ ಮಲಗಿದಲ್ಲಿಂದಲೇ ನೋಡುತ್ತಿದ್ದ ಅತ್ತೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟಿದ್ದರು. ಉರಿಮೂತ್ರ ಶುರುವಾಗಿ ಡಾಕ್ಟರು ವಿಚಾರಿಸಿದಾಗಲೇ ನಮಗದು ತಿಳಿದದ್ದು. “ಕುಡಿದ್ರೆ ನಿಂಗೇ ಕಷ್ಟ ಅಲ್ವೇನಮ್ಮ” ಎಂದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮೊದಲು ಬಂದ ಪ್ಲಂಬರ್ ಒಂದು ನಲ್ಲಿಯನ್ನೂ ಬಿಚ್ಚಿ ನೋಡದೆ ಪ್ರೆಶರ್ ಪಂಪ್ ಕೂರಿಸಿದರು. ಸ್ವಲ್ಪ ದಿನ ನೀರು ರಭಸವಾಗಿ ಬಂತು. ಆಮೇಲೆ ಅತ್ತೆಯ ಕೋಣೆಯ ಗೋಡೆ ನೆನೆಯತೊಡಗಿತು. ಒಳಗಿದ್ದ ಹಳೇ ಜಿಐ ಪೈಪಿನ ಎಲ್ಬೋ ಆ ಒತ್ತಡ ತಡೆಯದೆ ಸೋರುತ್ತಿತ್ತು. ಪಂಪ್ ನಿಲ್ಲಿಸಿ, ಮಂಚವನ್ನು ಹಜಾರಕ್ಕೆ ಎಳೆದು ಹಾಕಿದೆವು.

ಆಮೇಲೆ ಬಂದವರು ವಯಸ್ಸಾದ ಪ್ಲಂಬರ್. ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮುಂಚೆ ಕೇಳಿದರು: “ಒಂದೇ ನಲ್ಲೀಲಿ ಸಣ್ಣಗೆ ಬರುತ್ತಾ, ಎಲ್ಲಾದ್ರಲ್ಲೂನಾ ಅಮ್ಮ? ತಣ್ಣೀರಾ, ಬಿಸಿನೀರಾ?” ಕಾರಣ ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಒಂದೇ ನಲ್ಲಿಯಾದರೆ ಅದರ ಬಾಯಿಯ ಜಾಲರಿಯಲ್ಲಿ ಮರಳೋ ಸುಣ್ಣವೋ ಕಟ್ಟಿರುತ್ತದೆ; ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ ಉಜ್ಜಿದರೆ ಸಾಕು. ಬಿಸಿನೀರು ಮಾತ್ರ ಸಣ್ಣಗಾಗಿದ್ದರೆ ಗೀಸರನ್ನೂ ಅದರ ಪೈಪನ್ನೂ ನೋಡಬೇಕು. ಬೋರಿನ ಗಡಸು ನೀರು ಕಾದಷ್ಟೂ ಸುಣ್ಣ ಬಿಡುತ್ತದೆ. ಎಲ್ಲ ನಲ್ಲಿಗಳಲ್ಲೂ ಹಾಗೇ ಇದ್ದರೆ ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲೋ ವಾಲ್ವಿನಲ್ಲೋ ದೋಷ.

ನಮ್ಮಲ್ಲಿ ದೋಷ ಒಂದಲ್ಲ. ಟ್ಯಾಂಕಿನ ಕೆಳಗಿನ ಗೇಟ್ ವಾಲ್ವಿನ ಚಕ್ರ ತಿರುಗುತ್ತಿತ್ತು, ಒಳಗಿನ ಗೇಟು ಮಾತ್ರ ಕಳಚಿ ದಾರಿಗೆ ಅಡ್ಡ ಬಿದ್ದಿತ್ತು. ಮಹಡಿಯ ಪೈಪು ಕತ್ತರಿಸಿ ನೋಡಿದರೆ ಒಳಗೆ ತುಕ್ಕು, ಸುಣ್ಣ ಸೇರಿ ಗಟ್ಟಿಯಾಗಿ, ಪೆನ್ಸಿಲ್ ಕೂಡ ತೂರುತ್ತಿರಲಿಲ್ಲ. ಪೈಪಿನ ಒಳಗಿನ ಅಳತೆ ಅರ್ಧಕ್ಕಿಳಿದರೆ ನೀರು ಅರ್ಧವಾಗುವುದಿಲ್ಲ, ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ. ಇದರ ಮೇಲೆ ಎತ್ತರದ ಕೊರತೆ. 10 ಮೀಟರ್ ಎತ್ತರದಿಂದ ಇಳಿದ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ. ನಮ್ಮ ಟ್ಯಾಂಕನ್ನು ತಾರಸಿಯ ಮೇಲೇ ಕೂರಿಸಿದ್ದರು. ಶವರಿಗೂ ಅದಕ್ಕೂ ನಾಲ್ಕಡಿ ಅಂತರವೂ ಇರಲಿಲ್ಲ. ಕೆಳಮನೆಗೆ ಇನ್ನೊಂದು ಮಹಡಿಯ ಎತ್ತರ ಸಿಕ್ಕಿದ್ದರಿಂದ ಅವರಿಗೆ ತೊಂದರೆ ಕಂಡಿರಲಿಲ್ಲ.

ಹಳೇ ಪೈಪು ಬದಲಿಸಲು ಗೋಡೆ ಒಡೆದ ದಿನಗಳು ಬಲು ಕಷ್ಟದವು. ಧೂಳಿಗೆ ಅತ್ತೆ ಕೆಮ್ಮಿದರೆ ಸೊಂಟದಲ್ಲಿ ನೋವು ಮೀಟುತ್ತಿತ್ತು. ಕೊನೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹೊತ್ತುಕೊಂಡೇ ಮೈದುನನ ಮನೆಗೆ ಇಳಿಸಿದೆವು. ಟ್ಯಾಂಕಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆವು. 1000 ಲೀಟರ್ ನೀರೆಂದರೆ ಒಂದು ಟನ್ ಭಾರ, ಸ್ಟ್ಯಾಂಡಿನ ಕಾಲುಗಳು ಪಿಲ್ಲರ್ ಮೇಲೇ ಬರಬೇಕು, ತಾರಸಿಯ ನಡುವೆ ಕೂಡದು ಎಂದು ಎಂಜಿನಿಯರ್ ಒಬ್ಬರು ಬಂದು ಗುರುತು ಹಾಕಿಕೊಟ್ಟರು. ಟ್ಯಾಂಕಿನಿಂದ ಒಂದೂವರೆ ಇಂಚು, ಮನೆಯೊಳಕ್ಕೆ ಒಂದಿಂಚು, ಬಚ್ಚಲಿಗೆ ಮುಕ್ಕಾಲು, ನಲ್ಲಿಯ ಹತ್ತಿರ ಮಾತ್ರ ಅರ್ಧ ಇಂಚಿನ ಸಿಪಿವಿಸಿ ಪೈಪು ಬಂತು. ಗೇಟ್ ವಾಲ್ವಿನ ಜಾಗಕ್ಕೆ ಬಾಲ್ ವಾಲ್ವ್. ಅದರ ಮುಂದೆ, ಟ್ಯಾಂಕಿಗಿಂತ ಎತ್ತರಕ್ಕೆ, ಬಾಯಿ ತೆರೆದ ಗಾಳಿ ಪೈಪೊಂದನ್ನು ನಿಲ್ಲಿಸಿದರು. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ಪೈಪಿನಲ್ಲಿ ಸಿಕ್ಕಿಬೀಳುವ ಗಾಳಿ ಅದರಿಂದ ಹೊರಗೆ ಹೋಗುತ್ತದೆ.

ಅತ್ತೆ ಮೇಲೆ ಬಂದ ಮೇಲೆ ಕುರ್ಚಿಯಲ್ಲಿ ಕೂರಿಸಿ ತಲೆಗೆ ನೀರು ಹಾಕಿದೆ. ಈಗ ಕೇಳಿ ಕೇಳಿ ನೀರು ಕುಡಿಯುತ್ತಾರೆ.

ಪ್ರೆಶರ್ ಪಂಪ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಪೈಪು ಗಟ್ಟಿಯಿದ್ದು, ಟ್ಯಾಂಕ್ ಎತ್ತರಿಸಲು ಜಾಗವಿಲ್ಲದ ಮನೆಗೆ ಅದೇ ಪರಿಹಾರ. ಆದರೆ ಬೀದಿಯ ಪೈಪಿಗೆ ನೇರವಾಗಿ ಮೋಟಾರು ಕಟ್ಟುವುದು ಅಪರಾಧ, ಅನ್ಯಾಯ. ಪಕ್ಕದ ಮನೆಗೆ ನೀರು ತಪ್ಪುತ್ತದೆ. ಎಲ್ಲಾದರೂ ಪೈಪು ಬಿರುಕು ಬಿಟ್ಟಿದ್ದರೆ ಅಲ್ಲಿನ ಚರಂಡಿ ನೀರನ್ನೂ ಮೋಟಾರು ಒಳಕ್ಕೆಳೆಯುತ್ತದೆ.

ಹೊಸ ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ವಯಸ್ಸಾದವರು ಮನೆಯಲ್ಲಿರುವವರು, ದಯವಿಟ್ಟು ಗೋಡೆಗೆ ಪ್ಲಾಸ್ಟರ್ ಆಗುವ ಮುಂಚೆಯೇ ಟ್ಯಾಂಕಿನ ಎತ್ತರ, ಪೈಪಿನ ಅಳತೆ, ಗಾಳಿ ಪೈಪು ಮೂರನ್ನೂ ನಿಂತು ನೋಡಿಕೊಳ್ಳಿ.